ಮೂವತ್ತೆರಡನೇ ಗುಂಡಿ

ನನ್ನ ಅಂಗಡಿಗೆ ಬರುವ ಗಂಡಸರಲ್ಲಿ ಹೊಟ್ಟೆಕಿಚ್ಚಿಲ್ಲದವನನ್ನು ನಾನಿನ್ನೂ ನೋಡಿಲ್ಲ. ಒಬ್ಬನಿಗೆ ಎದುರುಮನೆಯವನ ಹೊಸ ಗೇಟಿನ ಮೇಲೆ, ಇನ್ನೊಬ್ಬನಿಗೆ ಷಡ್ಡಕನ ಮಹಡಿಯ ಮೇಲೆ. ಮೊಳೆ ಕೊಳ್ಳಲು ಬಂದವರು ಅದನ್ನೆಲ್ಲ ನನ್ನ ಮುಂದೆ ಸುರಿದು ಹಗುರವಾಗಿ ಹೋಗುತ್ತಾರೆ. ಆದರೆ ಕೆಳಗಿನ ಮನೆಯ ಮಗು ಪಾಟಿಯ, ಅಂದರೆ ಮಕ್ಕಳ ಪ್ಲಾಸ್ಟಿಕ್ ಕಕ್ಕಸಿನ, ಮೇಲೆ ಕೂತು ಸುಸ್ಸು ಮಾಡಿತು ಎಂದು ಊಟ ನಿದ್ದೆ ಬಿಟ್ಟವನನ್ನು ಕಂಡದ್ದು ಒಬ್ಬನನ್ನೇ. ಅವನು ನಮ್ಮ ವಾಷರಣ್ಣ.

ವಾಷರಣ್ಣ ನಲ್ಲಿ ರಿಪೇರಿಯವನು. ನಲ್ಲಿ ಸೋರಲಿ, ಪೈಪು ಒಡೆಯಲಿ, ಮನೆಯವರು ಕೈಕೈ ಹಿಸುಕಿಕೊಳ್ಳುತ್ತಾ ನಿಂತಿದ್ದರೆ ಇವನು ಒಂದು ಸಲ ಬಗ್ಗಿ ನೋಡಿ, "ಏನೂ ಇಲ್ಲ, ವಾಷರ್ ಹೋಗಿದೆ ಅಷ್ಟೆ" ಅನ್ನುತ್ತಾನೆ. ಹೆಂಡತಿ ಮುನಿಸಿಕೊಂಡರೂ, ಬಸ್ಸು ತಡವಾದರೂ ಅವನ ಲೆಕ್ಕದಲ್ಲಿ ಎಲ್ಲೋ ಒಂದು ವಾಷರ್ ಹೋಗಿರುತ್ತದೆ. ಆ ಹೆಸರು ಹಾಗೆ ಅಂಟಿಕೊಂಡಿತು. ಕೆಲಸದಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ. ಅವನು ಕೂರಿಸಿದ ಫ್ಲಶ್ಶು ಒಂದೇ ಏಟಿಗೆ ಎಲ್ಲವನ್ನೂ ಎಳೆದುಕೊಂಡು ಹೋಗಬೇಕು. ಎರಡನೇ ಸಲ ಒತ್ತಬೇಕಾಗಿ ಬಂದರೆ ಅದು ಅವನಿಗೆ ಅವಮಾನ.

ಈ ಕಟ್ಟಡದಲ್ಲಿ ಕೆಳಗೆ ನನ್ನ ಹಾರ್ಡ್‌ವೇರ್ ಅಂಗಡಿ. ಅದರ ಮೇಲೆ ಟೈಲರ್‌ನ ಮನೆ. ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ. ಅದರ ಮೇಲೆ ವಾಷರಣ್ಣನ ಮನೆ. ಬಚ್ಚಲುಗಳೆಲ್ಲ ಒಂದರ ಮೇಲೊಂದು, ಎಲ್ಲ ನೀರೂ ನಾನು ಕೂರುವ ಜಾಗದ ಹಿಂದಿನ ಗೋಡೆಯ ಪೈಪಿನಲ್ಲೇ ಇಳಿಯಬೇಕು. ಯಾರು ಎಷ್ಟು ಹೊತ್ತಿಗೆ ಎದ್ದರು, ಯಾರ ಹೊಟ್ಟೆ ಕೆಟ್ಟಿದೆ ಎಂದು ಯಾರೂ ನನಗೆ ಹೇಳಬೇಕಾಗಿಲ್ಲ. ಗಂಡ ತೀರಿಹೋಗಿ ಹದಿನಾಲ್ಕು ವರ್ಷವಾಯಿತು, ಮಕ್ಕಳಿಲ್ಲ. ಆ ಪೈಪೇ ನನ್ನ ಸಂಸಾರ ಅಂತ ನಾನೇ ತಮಾಷೆ ಮಾಡಿಕೊಳ್ಳುತ್ತೇನೆ, ಬೇರೆ ಯಾರಾದರೂ ಆ ಮಾತು ಆಡುವ ಮೊದಲು.

ವಾಷರಣ್ಣನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳದು ಪಾಳಿ ಕೆಲಸ, ಇವನದು ಕರೆದಲ್ಲಿಗೆ ಓಡುವ ಕೆಲಸ. ಹಾಗಾಗಿ ಅವರ ಮಗಳು ಗುಬ್ಬಿ ಒಂಬತ್ತು ತಿಂಗಳ ಕೂಸಾಗಿದ್ದಾಗಿನಿಂದಲೇ ಹಗಲೆಲ್ಲ ಟೈಲರ್ ಮನೆಯಲ್ಲಿ. ಟೈಲರ್‌ನ ಹೆಂಡತಿ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ. ಮನೆಯಲ್ಲಿ ಇರುವವನು ಅವನೇ. ಅವನ ಮಗ ಚೋಟು ಗುಬ್ಬಿಗಿಂತ ಎರಡು ತಿಂಗಳು ಚಿಕ್ಕವನು. ಒಂದು ಕಾಲು ಮೆಷಿನ್ನಿನ ಪೆಡಲ್ ಮೇಲೆ, ಇನ್ನೊಂದು ಕಾಲಿನ ಮೇಲೆ ಒಂದು ಮಗು, ಬೆನ್ನ ಮೇಲೆ ಇನ್ನೊಂದು ಮಗು, ಹಾಗೆ ಹೊಲಿಯುತ್ತಿದ್ದ ಪುಣ್ಯಾತ್ಮ. ಬಾಯಲ್ಲಿ ಸೂಜಿ ಇದ್ದಾಗಲೂ ಜೋಗುಳ ಹಾಡುತ್ತಿದ್ದ.

ಎಲ್ಲ ಸರಿಯಾಗಿಯೇ ಇತ್ತು, ಗುಬ್ಬಿ ನಡೆಯುವ ತನಕ. ಅವಳು ಮೊದಲ ಹೆಜ್ಜೆ ಇಟ್ಟದ್ದು ಟೈಲರ್‌ನ ಕತ್ತರಿಸುವ ಮೇಜಿನಿಂದ ಮೆಷಿನ್ನಿನ ತನಕ. ವಾಷರಣ್ಣ ಆಗ ಊರಾಚೆಯ ಒಂದು ಹೋಟೆಲಿನಲ್ಲಿ ಚರಂಡಿಗೆ ಸರಳು ತೂರಿಸುತ್ತಾ ಕೂತಿದ್ದ. ಸಂಜೆ ಬಂದವನಿಗೆ ಟೈಲರ್ ಬಾಗಿಲಲ್ಲೇ ಹೇಳಿದ, "ನಾಲ್ಕು ಹೆಜ್ಜೆ ಇಟ್ಲು ಮಾರಾಯ, ನಾಲ್ಕು! ನಾನೇ ಎಣಿಸ್ದೆ." ಎರಡು ತಿಂಗಳ ಮೇಲೆ ಮೊದಲ ಮಾತು. ಅಪ್ಪ ಅಲ್ಲ, ಅಮ್ಮ ಅಲ್ಲ, "ಕತ್ರಿ."

ಆ ದಿನ ವಾಷರಣ್ಣ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಟೀ ಆರಿಸಿಕೊಂಡದ್ದು ನನಗೆ ನೆನಪಿದೆ. "ಯಾರ್ ಮಗಳು ಅಕ್ಕ ಇವಳು? ನಾನು ಸ್ಪ್ಯಾನರ್ ಹಿಡಿಯೋನು. ಕತ್ರಿ ಅಂತೆ ಕತ್ರಿ."

"ಮಗು ಕಣೋ, ಕಂಡದ್ದು ಹೇಳುತ್ತೆ," ಅಂದೆ.

"ಅದೇ ನನ್ ಹೊಟ್ಟೇಲಿ ಉರಿ. ಕಾಣೋದೇ ಅವನು."

ಅವನ ಬಗ್ಗೆ ಅಯ್ಯೋ ಅನ್ನಿಸಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚು ಪಡುವುದಕ್ಕಾದರೂ ಒಂದು ಮಗು ಇದೆಯಲ್ಲ ಇವನಿಗೆ ಅನ್ನಿಸಿತು. ಆಮೇಲೆ ಅವನ ಟೀಗೆ ಇನ್ನೊಂದು ಸ್ವಲ್ಪ ಬಿಸಿ ಟೀ ಬಗ್ಗಿಸಿದೆ.

ಹೀಗಿರುವಾಗ ಚೋಟು ಪಾಟಿ ಕಲಿತ. ಕಲಿತದ್ದು ಮಗ, ತಲೆ ಕೆಟ್ಟದ್ದು ಅಪ್ಪನಿಗೆ. ಟೈಲರ್ ನನ್ನ ಅಂಗಡಿಯಿಂದಲೇ ನೀಲಿ ಪ್ಲಾಸ್ಟಿಕ್ ಪಾಟಿ ತೆಗೆದುಕೊಂಡು ಹೋಗಿದ್ದ. ಹತ್ತೇ ದಿನಕ್ಕೆ ಹುಡುಗ ತಾನೇ ಹೋಗಿ ಕೂರತೊಡಗಿದ. ಟೈಲರ್ ಒಂದು ಗೇಣು ಅಗಲದ ಬಟ್ಟೆಯ ಪಟ್ಟಿ ಕತ್ತರಿಸಿ ಮೆಷಿನ್ನಿನ ಹಿಂದೆ ತೂಗುಹಾಕಿದ. ಚೋಟು ಒಂದು ಸಲ ಪಾಟಿಯಲ್ಲಿ ಹೋದರೆ ಆ ಪಟ್ಟಿಗೆ ಒಂದು ನೀಲಿ ಗುಂಡಿ. ಯಾರ ಅಂಗಿಗೆ ಗುಂಡಿ ಹಚ್ಚುವುದು ತಡವಾದರೂ ಈ ಪಟ್ಟಿಗೆ ತಡವಿಲ್ಲ. ಅಳತೆ ಕೊಡಲು ಬಂದ ಗಿರಾಕಿಗಳು ಕೈ ಮೇಲೆತ್ತಿ ನಿಂತಿರುವಾಗ, ಇವನು ಎದೆಯ ಸುತ್ತ ಟೇಪು ಹಿಡಿದುಕೊಂಡೇ ಮಗನ ಪ್ರತಾಪ ಹೇಳುತ್ತಿದ್ದ. ಪಾಪ, ಅವರಾದರೂ ಓಡುವುದು ಎಲ್ಲಿಗೆ?

"ಒಂದು ತೊಟ್ಟು ಹೊರಗೆ ಬೀಳಲ್ಲ ಅಕ್ಕ," ಅಂತ ನನ್ನ ಹತ್ತಿರವೂ ಬಂದು ಹೇಳಿದ. "ಅಳತೆ ತಗೊಂಡು ಹೊಲಿದ ಹಾಗೆ."

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆಯೇ ಇದೆ. ಆದರೆ ಇವನು ಹೆಗ್ಗಣಕ್ಕೆ ಪದಕ ಕೊಟ್ಟು ಬೀದಿಯಲ್ಲಿ ಮೆರವಣಿಗೆ ಮಾಡುತ್ತಿದ್ದ. ಒಂದು ಸಂಜೆ ಮೆಟ್ಟಿಲ ಬುಡದಲ್ಲಿ, ಗುಬ್ಬಿಯನ್ನು ಕರೆದುಕೊಂಡು ಹೋಗಲು ಬಂದ ವಾಷರಣ್ಣನ ಮುಂದೆಯೂ ಅದೇ ಶುರುವಾಯಿತು. ಗುಬ್ಬಿ ಅಪ್ಪನ ತೋಳಲ್ಲಿದ್ದಳು, ಡೈಪರು ದಪ್ಪಗೆ ಜೋತಿತ್ತು. ಟೈಲರ್ ಅದರ ಮೇಲೆ ಮೆಲ್ಲಗೆ ತಟ್ಟಿ, "ಇದನ್ನೂ ಬಿಡಿಸ್ತೀನಿ ಬಿಡು. ಒಂದು ವಾರ ಕೊಡು ನನಗೆ," ಅಂದ.

ಪ್ರೀತಿಯಿಂದಲೇ ಅಂದದ್ದು. ಆದರೆ ವಾಷರಣ್ಣನ ಮುಖ ಕೆಂಪಾಯಿತು.

"ಬೇಡ," ಅಂದ. "ನಡೆಯೋದು ನಿನ್ ಮನೇಲಿ ಕಲಿತ್ಲು. ಮಾತು ನಿನ್ ಮನೇಲಿ ಕಲಿತ್ಲು. ಇದೊಂದಾದ್ರೂ ನನ್ ಮನೇಲಿ, ನನ್ ಕೈಯಲ್ಲಿ ಆಗ್ಲಿ. ಊರವರಿಗೆಲ್ಲ ಕಕ್ಕಸು ಕೂರಿಸಿಕೊಡೋನು ನಾನು. ನನ್ ಮಗಳನ್ನ ಅದರ ಮೇಲೆ ಕೂರಿಸೋಕೆ ನೀನು ಬೇಕಾ? ಈ ವಿಷಯಕ್ಕೆ ಮಾತ್ರ ಕೈ ಹಾಕ್ಬೇಡ."

"ಆಯ್ತಪ್ಪ," ಅಂದ ಟೈಲರ್. ಮಾತು ತಿರುಗಿಸಲು, "ಅಂದ ಹಾಗೆ, ನಮ್ಮನೆ ಫ್ಲಶ್ಶು ಕೆಟ್ಟು ಎಷ್ಟು ದಿನ ಆಯ್ತು ಗುರು, ಯಾವಾಗ ಬರ್ತೀಯ?" ಅಂತ ಕೇಳಿದ.

"ನಾಳೆ ಬರ್ತೀನಿ."

ಆ ನಾಳೆಯ ಕಥೆ ಕೇಳಬೇಕು ನೀವು. ಚೋಟುವಿನ ಮೊದಲ ಗುಂಡಿ ಬಿದ್ದ ದಿನದಿಂದ ವಾಷರಣ್ಣ ಟೈಲರ್‌ಗೆ ನಾಳೆ ಎಂದೇ ಹೇಳುತ್ತಿದ್ದ. ಊರಾಚೆಗೆ ಹೋಗಿ ಕೆಲಸ ಮಾಡಿ ಬರುವವನಿಗೆ ಕೆಳಗಿನ ಮನೆಗೆ ಇಳಿಯಲು ಪುರುಸೊತ್ತಿಲ್ಲ. ಅಷ್ಟು ದಿನವೂ ಟೈಲರ್ ಮನೆಯವರು ಬಕೆಟ್ಟಿನಿಂದ ಚೊಂಬಲ್ಲಿ ನೀರು ಹುಯ್ಯುತ್ತಿದ್ದರು. ನನ್ನ ಪೈಪಿನಲ್ಲಿ ಅದರ ಸದ್ದು ಬೇರೆ: ಮೆಲ್ಲಗೆ, ತೊದಲುತ್ತಾ ಇಳಿಯುತ್ತಿತ್ತು. ಮೇಲಿನ ಮನೆಯದು ಹಾಗಲ್ಲ. ವಾಷರಣ್ಣ ತನ್ನ ಮನೆಗೆ ತಾರಸಿಯ ಟ್ಯಾಂಕಿನಿಂದ ನೇರವಾಗಿ ದಪ್ಪ ಪೈಪು ಎಳೆದಿದ್ದ. ಅವನು ಫ್ಲಶ್ ಒತ್ತಿದರೆ ನನ್ನ ಶೆಲ್ಫಿನ ಸ್ಕ್ರೂಗಳು ಕುಣಿಯುತ್ತಿದ್ದವು.

ಮೆಟ್ಟಿಲ ಬುಡದ ಆ ಮಾತಾದ ಮೇಲೆ ವಾಷರಣ್ಣ ಮಗಳಿಗೆ ಕಲಿಸಲು ಕೂತ. ಅವನು ಕಲಿಸುವ ರೀತಿ ಎಂದರೆ ಸಾಮಾನು ತರುವುದು. ಮಗುವಿಗೆ ಬರುತ್ತಿಲ್ಲ ಎಂದರೆ ಕಮೋಡು ಎತ್ತರವಾಯಿತು. ನನ್ನಿಂದ ಪುಟ್ಟ ಕಮೋಡು ತರಿಸಿದ, ನಿಜವಾದ ಪಿಂಗಾಣಿಯದು, ಮೊಣಕಾಲೆತ್ತರ. ಬಚ್ಚಲ ಮೂಲೆಯಲ್ಲಿ ನೆಲ ಒಡೆದು, ಬೇರೆ ಪೈಪು ಎಳೆದು, ಅದಕ್ಕೂ ಅದೇ ಭಾರಿ ಫ್ಲಶ್ ಕೂರಿಸಿದ. ಒಂದು ಭಾನುವಾರ ಪೂರ್ತಿ ಅದಕ್ಕೆ ಹೋಯಿತು. ಸಂಜೆ ನನ್ನನ್ನೂ ಮೇಲಕ್ಕೆ ಕರೆದ, ನೋಡಲು. ಹೆಂಡತಿ ಡ್ಯೂಟಿಯಿಂದ ಆಗ ತಾನೇ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಗುಬ್ಬಿ ಅಮ್ಮನ ಬೆರಳು ಹಿಡಿದುಕೊಂಡಿದ್ದಳು.

"ನೋಡು ಪುಟ್ಟಿ, ನಿಂದೇ ಇದು. ನೋಡು ಎಷ್ಟ್ ಚೆನ್ನಾಗಿ ನೀರು ಬರುತ್ತೆ," ಅಂತ ಹೇಳಿ ಒತ್ತಿದ.

ಆ ಸಣ್ಣ ಬಚ್ಚಲಲ್ಲಿ ನೀರು ಗುಡುಗಿತು. ಒಂದೇ ಏಟಿಗೆ ಸುಳಿ ಎದ್ದು, ಗಂಟಲು ಕಟ್ಟಿದ ಪ್ರಾಣಿಯ ಹಾಗೆ ಕೊನೆಗೊಂದು ಗೊರಕೆ ಹೊಡೆದು ಒಳಕ್ಕೆ ಹೋಯಿತು. ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ವಾಷರಣ್ಣ ನಗುತ್ತಾ ನಮ್ಮನ್ನು ನೋಡಿದ. ಮಗಳು ಅಮ್ಮನ ಹಿಂದೆ ಸೇರಿದ್ದಳು.

"ಹೊಸದು ನೋಡು, ನಾಚ್ಕೋತಾಳೆ," ಅಂದ.

ಆಮೇಲೆ ದಿನಾ ಸಂಜೆ ಅದೇ ಶಾಸ್ತ್ರ. ಅವಳನ್ನು ಎತ್ತಿಕೊಂಡು ಹೋಗಿ, ಮೊದಲು ಒಂದು ಸಲ ಒತ್ತಿ ತೋರಿಸಿ, ಆಮೇಲೆ ಕೂರಿಸುವುದು. ಅವಳು ಕೂತ ತಕ್ಷಣ ಮರದ ಹಾಗೆ ಸೆಟೆದುಕೊಳ್ಳುವುದು, ಅಳುವುದು. ಎತ್ತಿ ಕೆಳಗಿಳಿಸಿದ ಎರಡನೇ ನಿಮಿಷಕ್ಕೆ ನಡುಮನೆಯ ನೆಲದ ಮೇಲೆ ಒಂದು ಕೆರೆ. ಅವನು ಬೈಯಲಿಲ್ಲ, ಅದೊಂದನ್ನು ಹೇಳಬೇಕು. ನೆಲ ಒರೆಸುತ್ತಿದ್ದ, ಮರುದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದು, "ಪ್ರೆಷರ್ ಸಾಲ್ದು ಅನ್ಸುತ್ತೆ ಅಕ್ಕ, ಇನ್ನೊಂದು ಸೈಜು ದೊಡ್ಡ ವಾಲ್ವ್ ಇದ್ಯಾ?" ಅಂತ ಕೇಳುತ್ತಿದ್ದ.

ನಾನು ಕೊಟ್ಟೆ. ವ್ಯಾಪಾರಂ ದ್ರೋಹಚಿಂತನಂ.

ದ್ರೋಹ ಅಂತ ಯಾಕೆ ಹೇಳಿದೆ ಎಂದರೆ, ಆ ಹೊತ್ತಿಗೆ ನನಗೆ ಒಂದು ವಿಷಯ ಗೊತ್ತಿತ್ತು. ಒಂದು ಮಧ್ಯಾಹ್ನ ಟೈಲರ್ ಬಂದು ಇನ್ನೊಂದು ಪಾಟಿ ಕೇಳಿದ್ದ, ಗುಲಾಬಿ ಬಣ್ಣದ್ದು.

"ಚೋಟು ಮುರಿದನೇನೋ?" ಅಂದೆ.

ಅವನು ಹಿಂದೆ ಮುಂದೆ ನೋಡಿದ. "ಗುಬ್ಬಿಗೆ ಅಕ್ಕ. ಹೇಳ್ಬೇಡಿ. ನಾನಾಗಿ ಕಲಿಸ್ಲಿಲ್ಲ, ಆಣೆ. ಚೋಟು ಕೂರೋದು ನೋಡಿ ನೋಡಿ ಅವಳೇ ಬಂದು ನನ್ ಅಂಗಿ ಎಳೀತಾಳೆ. ಅವನನ್ನ ತಳ್ಳಿ ತಾನು ಕೂರ್ತಾಳೆ."

"ನರ್ಸಮ್ಮನಿಗೆ ಗೊತ್ತಾ?"

"ಗೊತ್ತು. ಡೈಪರು ಒದ್ದೆ ಆಗ್ದೇ ಮನೆಗೆ ಬರ್ತಾಳಲ್ಲ, ತಾಯಿಗೆ ತಿಳಿಯದೇ ಇರುತ್ತಾ? 'ನಮ್ಮನೆಯವರಿಗೆ ಹೇಳ್ಬೇಡಿ, ಅವರೇ ಕಲಿಸಿದ್ರು ಅಂತಾಗ್ಲಿ' ಅಂದ್ರು."

ಹಾಗಾಗಿ ಕಟ್ಟಡಕ್ಕೆಲ್ಲ ಗೊತ್ತಿದ್ದ ಗುಟ್ಟು ಅವನೊಬ್ಬನಿಗೆ ಗೊತ್ತಿರಲಿಲ್ಲ. ನಾನು ಹೇಳಬಹುದಿತ್ತು. ದಿನಾ ನನ್ನ ಮುಂದೆಯೇ ನಿಂತು ವಾಲ್ವ್ ಆರಿಸುತ್ತಿದ್ದ. ಹೇಳಲಿಲ್ಲ ಯಾಕೆ ಎಂದರೆ, ಅವನ ಮಗಳ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು, ಅದು ನನಗೆ ಹಿತವಾಗಿತ್ತು. ಇದಕ್ಕಿಂತ ಚೆನ್ನಾಗಿ ಆ ಮಾತನ್ನು ಹೇಳಲು ನನಗೆ ಬರುವುದಿಲ್ಲ.

ಒಂದು ತಿಂಗಳಾಯಿತು. ಚೋಟುವಿನ ಪಟ್ಟಿ ತುಂಬಿ ಎರಡನೇ ಪಟ್ಟಿ ಶುರುವಾಯಿತು. ಟೈಲರ್ ತುಂಬಿದ್ದನ್ನು ಕಿಟಕಿಗೆ ಕಟ್ಟಿದ, ಬೀದಿಗೆ ಕಾಣುವ ಹಾಗೆ. ಮರುದಿನ ಬೆಳಿಗ್ಗೆ ವಾಷರಣ್ಣ ಅದನ್ನು ತಲೆಯೆತ್ತಿ ನೋಡಿಕೊಂಡು ನನ್ನ ಅಂಗಡಿಗೆ ಬಂದ. ಕಣ್ಣು ಕೆಂಪಗಿತ್ತು.

"ಅಕ್ಕ, ಫ್ಲಶ್ಶಿನ ಪೂರ್ತಿ ಸೆಟ್ ಕೊಡಿ. ಟೈಲರ್ ಮನೇದು ಇವತ್ತು ಮಾಡೇ ಬಿಡ್ತೀನಿ."

"ಏನಪ್ಪ, ಕೊನೆಗೂ ನಾಳೆ ಬಂತಾ?"

"ಕಿಟಕೀಲಿ ಗುಂಡಿ ತೂಗಾಕಿದಾನಲ್ಲ, ನಮ್ ಕೆಲಸ ಏನು ಅಂತ ಅವನೂ ನೋಡ್ಲಿ. ಸತ್ತ ಫ್ಲಶ್ಶು ಇಟ್ಕೊಂಡು ಮಗನ ಸುಸ್ಸು ಮೆರೆಸ್ತಾನೆ."

ಕೆಲಸಗಾರನಿಗೆ ಹೊಟ್ಟೆಕಿಚ್ಚು ಬಂದರೆ ಅದೂ ಕೆಲಸದಲ್ಲೇ ಹೊರಗೆ ಬರಬೇಕೇನೋ. ಸಾಮಾನು ಹೊತ್ತುಕೊಂಡು ಹತ್ತಿದ. ಅವಸರದಲ್ಲಿ ಒಂದು ರಬ್ಬರ್ ವಾಷರ್ ಕಟ್ಟೆಯ ಮೇಲೆ ಬಿಟ್ಟು ಹೋಗಿದ್ದ, ಅದೂ ವಾಷರನ್ನೇ. ಒಂದು ಗಂಟೆಯ ಮೇಲೆ ಅದು ನನ್ನ ಕಣ್ಣಿಗೆ ಬಿತ್ತು. ತೆಗೆದುಕೊಂಡು ನಾನೇ ಮೇಲೆ ಹೋದೆ.

ಟೈಲರ್ ಕೋಣೆಯಲ್ಲಿ ಒಂದು ಕೋಟನ್ನು ಇಸ್ತ್ರಿ ಮಾಡುತ್ತಿದ್ದ. ಮುಖದಲ್ಲಿ ಗಾಬರಿ. ನನ್ನನ್ನು ನೋಡಿ ಕಣ್ಣಲ್ಲೇ ಮೂಲೆಯ ಪರದೆ ತೋರಿಸಿದ. ಗಿರಾಕಿಗಳು ಬಟ್ಟೆ ಹಾಕಿ ನೋಡಲೆಂದು ಕಟ್ಟಿದ್ದ ಪರದೆ. ಅದರ ಕೆಳಗೆ ಗುಲಾಬಿ ಪಾಟಿಯ ಅಂಚು, ಅದರ ಎರಡೂ ಕಡೆ ಎರಡು ಪುಟ್ಟ ಪಾದಗಳು. ಒಳಗಿಂದ ಗುಬ್ಬಿಯ ಹಾಡು ಕೇಳುತ್ತಿತ್ತು, ತಲೆಬುಡವಿಲ್ಲದ ಹಾಡು. ಬಚ್ಚಲಲ್ಲಿ ಅವಳಪ್ಪ ಸ್ಪ್ಯಾನರ್ ಬಡಿಯುತ್ತಿದ್ದ. ಇಬ್ಬರ ನಡುವೆ ಒಂದು ಗೋಡೆ.

ನಾನು ವಾಷರ್ ಕೊಟ್ಟೆ. ಅವನು ಕೂರಿಸಿದ. "ಈಗ ನೋಡಿ ಅಕ್ಕ," ಅಂದವನೇ ಒತ್ತಿದ.

ಟೈಲರ್ "ಬೇಡ!" ಅಂದದ್ದು ನೀರಿನ ಸದ್ದಿನಲ್ಲಿ ಮುಳುಗಿಹೋಯಿತು. ಆ ಸದ್ದಿನ ಮೇಲೆ ಒಂದು ಕಿರುಚಾಟ ಎದ್ದಿತು. ಪರದೆ ಹಾರಿತು. ಗುಬ್ಬಿ ಎರಡೂ ಕಿವಿ ಮುಚ್ಚಿಕೊಂಡು, ಕಾಲಿಗೆ ಚಡ್ಡಿ ತೊಡರಿಸಿಕೊಂಡೇ ಹೊರಗೆ ಓಡಿ ಬಂದಳು. ಹಿಂದೆ ಪಾಟಿ ಮಗುಚಿ ನೆಲವೆಲ್ಲ ಒದ್ದೆ. ಬಚ್ಚಲ ಬಾಗಿಲಲ್ಲಿ ಅಪ್ಪ ಕೈ ಚಾಚಿ ನಿಂತಿದ್ದ. ಅವಳು ಅವನನ್ನು ನೋಡಿದಳು. ನೋಡಿ, ಅವನ ಪಕ್ಕದಲ್ಲೇ ದಾಟಿಕೊಂಡು ಹೋಗಿ ಟೈಲರ್‌ನ ಕಾಲು ತಬ್ಬಿಕೊಂಡಳು.

"ಮಾಮ, ನುಂಗುತ್ತೆ! ಅಪ್ಪಂದು ನುಂಗುತ್ತೆ!"

ವಾಷರಣ್ಣನ ಚಾಚಿದ ಕೈ ಅಲ್ಲೇ ನಿಂತಿತ್ತು. ಅವನು ಗುಲಾಬಿ ಪಾಟಿ ನೋಡಿದ. ಮಗಳ ಕಾಲಲ್ಲಿದ್ದ ಚಡ್ಡಿ ನೋಡಿದ. ಟೈಲರ್ ಹೊಲಿದದ್ದು, ಅವಳೇ ಇಳಿಸಿಕೊಳ್ಳಲು ಬರುವಂಥ ಸಡಿಲ ಎಲಾಸ್ಟಿಕ್ಕಿನದು. ಚೋಟುವಿಗೆ ಗೆಳತಿಯ ಅಳು ಕಂಡು ಏನಾದರೂ ಮಾಡಬೇಕೆನ್ನಿಸಿತೇನೋ, ಮೆಷಿನ್ನಿನ ಡ್ರಾಯರ್ ಎಳೆದು ಒಂದು ಬಟ್ಟೆಯ ಪಟ್ಟಿ ತಂದು ಅವಳ ಕೈಗೆ ತುರುಕಿದ. ಅದರ ತುಂಬ ಕೆಂಪು ಗುಂಡಿಗಳು.

"ಗುಬ್ಬೀದು," ಅಂದ ವಾಷರಣ್ಣನಿಗೆ ತೋರಿಸುತ್ತಾ, ಹೆಮ್ಮೆಯಿಂದ.

ವಾಷರಣ್ಣ ಪಟ್ಟಿ ತೆಗೆದುಕೊಂಡ. ಒಂದೊಂದೇ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಎಣಿಸಿದ. ಮೂವತ್ತೊಂದು. ಎಲ್ಲವೂ ಗೆರೆ ಎಳೆದ ಹಾಗೆ ಸಾಲಾಗಿದ್ದವು.

"ಇದನ್ನೂ ನೀನೇ ತಗೊಂಡ್ಯಾ?" ಅಂದ.

"ನಾನು ತಗೊಂಡಿಲ್ಲ ಕಣೋ."

"ಬೇಡ ಅಂತ ಹೇಳಿದ್ದೆ ನಿಂಗೆ. ಕೈಮುಗಿಯೋದೊಂದು ಬಾಕಿ ಇತ್ತು."

ಟೈಲರ್‌ಗೂ ಸಿಟ್ಟು ಬಂತು. "ಮಗು ಬಂದು ಅಂಗಿ ಹಿಡ್ಕೊಂಡು 'ಮಾಮ, ಸುಸ್ಸು' ಅಂದ್ರೆ ಏನ್ ಮಾಡ್ಲಿ? ಇರಮ್ಮ, ನಿಮ್ಮಪ್ಪ ಸಂಜೆ ಬರ್ತಾನೆ, ಅಲ್ಲಿ ತನಕ ಕಟ್ಕೋ ಅನ್ಲಾ?"

ಜಗಳವಾಗಿ ಮುಗಿದಿದ್ದರೆ ಸುಲಭವಿತ್ತು. ವಾಷರಣ್ಣ ನನ್ನ ಕಡೆ ತಿರುಗಿದ. "ನಿಮಗೂ ಗೊತ್ತಿತ್ತಾ ಅಕ್ಕ?"

ನಾನು ಗುಲಾಬಿ ಪಾಟಿ ನೋಡಿದೆ. ಅವನಿಗೆ ಅರ್ಥವಾಯಿತು. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಅವನು ಪಟ್ಟಿಯನ್ನು ಮಗಳ ಕೈಗೆ ವಾಪಸು ಕೊಟ್ಟು ಬಚ್ಚಲಿಗೆ ಹೋದ. ಚೀಲ ತರಲಿಕ್ಕೆ ಅಂದುಕೊಂಡೆ. ಬಹಳ ಹೊತ್ತು ಸ್ಪ್ಯಾನರ್ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವನ ಕೈಯಲ್ಲಿ ಆಗ ತಾನೇ ಕೂರಿಸಿದ್ದ ಫ್ಲಶ್ಶಿನ ಪೂರ್ತಿ ಸೆಟ್ಟು ಇತ್ತು, ನೀರು ತೊಟ್ಟಿಕ್ಕುತ್ತಾ. ಸರಿಯಾಗಿ ಓಡುವುದನ್ನು ಅವನು ತನ್ನ ಕೈಯಾರೆ ಬಿಚ್ಚಿದ್ದು ಅದೇ ಮೊದಲು.

"ಚೊಂಬಲ್ಲೇ ಹಾಕ್ಕೊಳ್ಳಿ," ಅಂದ ಟೈಲರ್‌ನ ಮುಖ ನೋಡದೆ. "ಅವಳು ಇನ್ನೊಂಚೂರು ದೊಡ್ಡೋಳಾದ್ಮೇಲೆ ಬರ್ತೀನಿ."

ಆ ಸಂಜೆ ಮೇಲಿನ ಮನೆಯಿಂದ ನನ್ನ ಪೈಪಿಗೆ ಸದ್ದೇ ಬರಲಿಲ್ಲ. ಮರುದಿನವೂ ಇಲ್ಲ. ಆಸ್ಪತ್ರೆಗೆ ಹೊರಟಿದ್ದ ನರ್ಸಮ್ಮನನ್ನು ನಿಲ್ಲಿಸಿ ಕೇಳಿದೆ. "ಬಚ್ಚಲಿಗೆ ನೀರು ಬಿಡೋ ಗೇಟ್ ವಾಲ್ವೇ ಮುಚ್ಚಿಬಿಟ್ಟಿದಾರೆ," ಅಂದಳು. "ಬಕೆಟ್ಟು ಚೊಂಬು ಇಟ್ಟಿದಾರೆ. ಕೆಲಸಕ್ಕೂ ಹೋಗಿಲ್ಲ. ಬಚ್ಚಲ ಹೊಸ್ತಿಲ ಮೇಲೆ ಕೂತಿದಾರೆ, ಮಗು ಆಟ ಆಡ್ತಾ ಇದೆ. ಬಾ ಅಂತಾನೂ ಕರೀತಿಲ್ಲ. ನನ್ ಹತ್ರ ಮಾತಿಲ್ಲ ಕತೆಯಿಲ್ಲ. ಗೊತ್ತಿದ್ದೂ ಮುಚ್ಚಿಟ್ಟೆ ಅಂತ ಬೇಜಾರು."

"ವಾಷರ್ ಹೋಗಿದೆ," ಅಂದೆ. ಇಬ್ಬರಿಗೂ ನಗು ಬರಲಿಲ್ಲ.

ಎರಡನೇ ದಿನದ ಸಂಜೆ, ಸುಮಾರು ಐದು ಗಂಟೆಗೆ, ವಾಷರಣ್ಣ ಮೆಟ್ಟಿಲಿಳಿಯುವ ಸದ್ದಾಯಿತು. ನನ್ನ ಅಂಗಡಿಗೆ ಬರುತ್ತಾನೆಂದು ಎದ್ದು ನಿಂತೆ. ಅವನು ಮೊದಲ ಮಹಡಿಯಲ್ಲೇ ನಿಂತು ಟೈಲರ್‌ನ ಬಾಗಿಲು ತಟ್ಟುವುದು ಕೇಳಿಸಿತು. ಕುತೂಹಲ ತಡೆಯಲಾರದೆ ನಾನೂ ಮೆಟ್ಟಿಲು ಹತ್ತಿದೆ. ಅವನ ಗಡ್ಡ ಬೆಳೆದಿತ್ತು.

"ಹೋದ್ಲು," ಅಂತ ಹೇಳುತ್ತಿದ್ದ. "ತಾನಾಗೇ ಬಂದು ಕೂತ್ಲು. ಎರಡೂ ಆಯ್ತು."

"ಭೇಷ್!" ಅಂದ ಟೈಲರ್.

"ನೀರು ಹಾಕೋಕೆ ಬಿಡ್ತಿಲ್ಲ. ಗುಂಡಿ ಬೇಕಂತೆ." ಅವನು ಜೇಬಿನಿಂದ ಒಂದು ಕಪ್ಪು ರಬ್ಬರ್ ವಾಷರ್ ತೆಗೆದು ತೋರಿಸಿದ. "ಇದನ್ನ ಕೊಟ್ಟು ನೋಡ್ದೆ. ಎಸೆದ್ಲು. 'ಮಾಮನ ಗುಂಡಿ' ಅಂತಾಳೆ."

ಆ ಮಾತು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಕಂಡಿತು. ಟೈಲರ್ ಡಬ್ಬಿಯಿಂದ ಒಂದು ಕೆಂಪು ಗುಂಡಿ ಆರಿಸಿ ಸೂಜಿಗೆ ದಾರ ಪೋಣಿಸಿದ. ವಾಷರಣ್ಣ ತಂದಿದ್ದ ಪಟ್ಟಿ ಹಿಡಿದು ಇನ್ನೇನು ಚುಚ್ಚಬೇಕು, ನಿಲ್ಲಿಸಿ, ಎರಡನ್ನೂ ವಾಷರಣ್ಣನ ಮುಂದೆ ಚಾಚಿದ.

"ಇದು ನಿನ್ ಮನೇಲಾಗಿದ್ದು. ನೀನೇ ಹೊಲಿ."

ಎರಡಿಂಚು ಪೈಪು ಬರಿಗೈಯಲ್ಲಿ ತಿರುಗಿಸುವವನು ಆ ಸೂಜಿಯ ಮುಂದೆ ಬೆವತ. ಮೂರು ಸಲ ಬೆರಳಿಗೆ ಚುಚ್ಚಿಕೊಂಡ. ಗುಂಡಿ ಓರೆಯಾಗಿ ಕೂತಿತು. ಮೂವತ್ತೊಂದು ನೆಟ್ಟಗೆ, ಮೂವತ್ತೆರಡನೆಯದು ಕುಡಿದು ನಿಂತವನ ಹಾಗೆ. ಅವನು ಅದರ ಮೇಲೆ ಹೆಬ್ಬೆರಳಿಟ್ಟು, "ಮೊದಲನೇದಲ್ಲ," ಅಂದ.

"ಅಲ್ಲ," ಅಂದ ಟೈಲರ್. ಸುಳ್ಳು ಹೇಳಲಿಲ್ಲ.

ವಾಷರಣ್ಣ ಮೆಟ್ಟಿಲು ಹತ್ತಿ ಹೋದ.

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಗುಬ್ಬಿ ಮೊದಲಿನಂತೆ ಟೈಲರ್ ಮನೆಗೆ ಬರತೊಡಗಿದಳು, ಅವಳಪ್ಪ ಕೆಲಸಕ್ಕೆ. ಒಂದು ವಾರದ ಮೇಲೆ, ಹೊತ್ತು ಹನ್ನೊಂದಾಗಿರಬಹುದು, ನಾನು ಗಿರಾಕಿಯೊಬ್ಬರಿಗೆ ಸರಪಳಿ ಅಳೆಯುತ್ತಿದ್ದೆ. ಬೀದಿಯ ಆ ತುದಿಯಿಂದ ವಾಷರಣ್ಣ ಓಡಿ ಬರುತ್ತಿದ್ದ. ಕೈಯಲ್ಲಿ ಪೈಪ್ ರೆಂಚು, ಅಂಗಿ ಎದೆಯ ತನಕ ಒದ್ದೆ.

"ಏನಾಯ್ತೋ?"

"ಗುಬ್ಬಿ ಕಟ್ಕೊಂಡು ಕೂತಿದಾಳಂತೆ ಅಕ್ಕ! ಟೈಲರ್ ಫೋನ್ ಮಾಡ್ದ. ಪಾಟಿ ಬೇಡ ಅಂತೆ, ನಮ್ಮನೇಗೇ ಹೋಗ್ಬೇಕಂತೆ, ಅಪ್ಪನೇ ಬರ್ಬೇಕಂತೆ!"

"ಕೆಲಸ?"

"ಒಂದು ಮನೆಗೆ ನೀರೇ ಇಲ್ಲ, ಮೇನ್ ವಾಲ್ವ್ ಮುಚ್ಚಿ ಬಂದಿದೀನಿ. ಕಾಯ್ಲಿ ಬಿಡಿ!"

ಎರಡೆರಡು ಮೆಟ್ಟಿಲು ಹಾರಿಕೊಂಡು ಹೋದ. ಮೇಲಿಂದ ಗುಬ್ಬಿಯ "ಅಪ್ಪಾ!" ಬೀದಿಗೆಲ್ಲ ಕೇಳಿಸಿತು. ಆಮೇಲೆ ಎರಡು ಜೊತೆ ಕಾಲಿನ ಸದ್ದು ಇನ್ನೂ ಮೇಲಕ್ಕೆ ಹೋಯಿತು.

ಗಿರಾಕಿ ಹೋದ ಮೇಲೆ ಟೈಲರ್ ನಿಧಾನವಾಗಿ ಇಳಿದು ಬಂದ. ಕೊರಳಲ್ಲಿ ಅಳತೆಯ ಟೇಪು. ಬೇಕಾದದ್ದು ಏನೂ ಇರಲಿಲ್ಲ. ಮೊಳೆಯ ತಟ್ಟೆಯಲ್ಲಿ ಬೆರಳಾಡಿಸುತ್ತಾ ನಿಂತ.

"ಮೂವತ್ತೊಂದು ಗುಂಡಿ ಹೊಲಿದವನು ನಾನು ಅಕ್ಕ."

"ಹೌದು."

"ಮೊದಲ ದಿನ ಎರಡು ಗಂಟೆ ಹೊತ್ತು ಅವಳ ಮುಂದೆ ನೆಲದ ಮೇಲೆ ಕೂತಿದ್ದವನು ನಾನು. ಮದುವೆ ಸೂಟ್ ಒಂದು ಹಾಗೇ ಬಿದ್ದಿತ್ತು."

"ಹೌದಪ್ಪ."

"ಇವತ್ತು ಪಾಟಿ ತಂದು ಮುಂದಿಟ್ಟೆ. 'ಮಾಮ ಬೇಡ' ಅಂದ್ಲು." ಒಂದು ಮೊಳೆ ಎತ್ತಿ, ನೋಡಿ, ಮತ್ತೆ ತಟ್ಟೆಗೆ ಹಾಕಿದ. "ನಂಗೇನೂ ಹೊಟ್ಟೆಕಿಚ್ಚಿಲ್ಲ. ಸುಮ್ನೆ ಹೇಳ್ದೆ."

ವಾಷರ್ ಹೋಗಿದೆ ಅಷ್ಟೆ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನ ಗೋಡೆಯಲ್ಲಿ, ಎರಡನೇ ಮಹಡಿಯಿಂದ, ಒಂದು ಚೊಂಬು ನೀರು ಮೆಲ್ಲಗೆ ಇಳಿದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು ಚಿಕ್ಕದು; ಅದನ್ನು ಹುಯ್ದದ್ದು ಮಗುವಿನ ಕೈಯೇ ಇರಬೇಕು. ಟೈಲರ್ ಗೋಡೆಯನ್ನೇ ನೋಡುತ್ತಾ, "ಆಯ್ತು ಅನ್ಸುತ್ತೆ," ಅಂದ. ಅವನೂ ನಾನೂ ಆ ನೀರು ಪೂರ್ತಿ ಇಳಿದು ಹೋಗುವ ತನಕ ಗೋಡೆಗೆ ಕಿವಿ ಕೊಟ್ಟು ಹಾಗೇ ನಿಂತಿದ್ದೆವು, ಇಬ್ಬರೂ ಹೊಟ್ಟೆ ಉರಿಸಿಕೊಂಡು.